ಬಾಣ ತಿದ್ದುವವನು ಏನನ್ನು ನೋಡುತ್ತಿದ್ದ?

ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಮಂದಿ ಗುರುಗಳ ವಿಷಯವನ್ನು ಹೇಳುವ ಪ್ರಸಂಗ ಕೇಳುಗರಾದ ತಮಗೆಲ್ಲ ತಿಳಿದದ್ದೇ. ಭೂಮಿ, ಗಾಳಿ, ಹೆಬ್ಬಾವು, ಜೇನುನೊಣ ಮೊದಲಾದ ಆ ಗುರುಗಳ ಸಾಲಿನಲ್ಲಿ ಒಬ್ಬ ಇಷುಕಾರನೂ ಇದ್ದಾನೆ. ಇಷುಕಾರನೆಂದರೆ ಬಾಣ ಮಾಡುವವನು. ಅವನು ತನ್ನ ಕೆಲಸದಲ್ಲಿ ಎಷ್ಟು ಮುಳುಗಿದ್ದನೆಂದರೆ, ಪಕ್ಕದಲ್ಲೇ ಅರಸನು ಹಾದುಹೋದರೂ ಅವನಿಗೆ ಅರಿವಾಗಲಿಲ್ಲ. ಏಕಾಗ್ರತೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ? ನಾನೂ ಇದನ್ನು ತರಗತಿಯಲ್ಲಿ ಅನೇಕ ಬಾರಿ ಹೇಳಿದ್ದೇನೆ. ಆದರೆ ಆ ಮನುಷ್ಯ ಅಷ್ಟು ತನ್ಮಯನಾಗಿ ನೋಡುತ್ತಿದ್ದುದಾದರೂ ಏನನ್ನು ಎಂಬ ಪ್ರಶ್ನೆಯನ್ನು ನಾನು ಬಹುಕಾಲ ಕೇಳಿಕೊಳ್ಳಲೇ ಇಲ್ಲ. ಕೇಳಿದವನೊಬ್ಬನಿದ್ದ. ಅವನನ್ನು ನಾನು ಬಾಯಿ ಮುಚ್ಚಿಸಿದೆ. ಇಂದಿನ ಈ ಭಾಷಣ ಒಂದು ಬಗೆಯಲ್ಲಿ ಆ ತಪ್ಪಿಗೆ ತೆರುವ ದಂಡ.

1986ನೆಯ ಇಸವಿ. ನಾನು ಅಧ್ಯಾಪಕನಾಗಿ ಕೆಲವೇ ವರ್ಷಗಳಾಗಿದ್ದವು. ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಪಾಠ ಹೇಳುತ್ತಿದ್ದೆ. ಅರ್ಜುನನ ಬಿಲ್ವಿದ್ಯೆಯ ವರ್ಣನೆ ನಡೆದಿತ್ತು. ಹಿಂದಿನ ಬೆಂಚಿನಿಂದ ಮಲೆನಾಡಿನ ಅಂಚಿನ ಹಳ್ಳಿಯ ಹುಡುಗನೊಬ್ಬ ಎದ್ದುನಿಂತ. “ಸಾರ್, ಬಾಣ ಬಿಲ್ಲಿನ ನಡುವಿನಿಂದ ಹೋಗೋದಿಲ್ಲ, ಪಕ್ಕದಿಂದ ಹೋಗುತ್ತೆ. ಆದರೂ ಗುರಿಗೆ ನೇರ ಹೇಗೆ ತಾಗುತ್ತೆ? ನಮ್ಮಜ್ಜ ಒಂದು ಬಿಲ್ಲಿನ ಬಾಣ ಇನ್ನೊಂದು ಬಿಲ್ಲಿಗೆ ಹೂಡೋಕೆ ಬಿಡ್ತಿರಲಿಲ್ಲ” ಎಂದ. ನಾನು ನಗುತ್ತ, “ಇದು ಕಾವ್ಯದ ತರಗತಿ ಕಣಯ್ಯ, ಬೇಟೆಯದಲ್ಲ” ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗ ಕುಳಿತ. ಆ ವರ್ಷ ಅವನು ಮತ್ತೆ ಏನನ್ನೂ ಕೇಳಲಿಲ್ಲ.

ನಿವೃತ್ತಿಯ ಬಿಡುವಿನಲ್ಲಿ, ಏಕೋ ಏನೋ, ಆ ಪ್ರಶ್ನೆ ಮರಳಿ ಬಂದಿತು. ಹುಡುಕುತ್ತ ಹೊರಟೆ. ಮೊದಲು ಹೋದದ್ದು ನನಗೆ ಪರಿಚಿತವಾದ ಶಬ್ದಗಳ ಬಳಿಗೆ. ಇಂದಿನ ಮಾತಿನಲ್ಲಿ ‘ಸರಳು’ ಎಂದರೆ ಕಿಟಕಿಯ ಕಬ್ಬಿಣದ ಕಡ್ಡಿ; ಹಳಗನ್ನಡದಲ್ಲಿ ಅದು ಬಾಣ. ಸಂಸ್ಕೃತದ ‘ಶರ’ ಎಂಬುದು ಬಾಣದ ಹೆಸರಾಗಿರುವಂತೆಯೇ ಒಂದು ಜಾತಿಯ ಜೊಂಡಿನ ಹೆಸರೂ ಹೌದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಆಯುಧಾಗಾರದ ಅಧ್ಯಕ್ಷನು ಇಟ್ಟಿರಬೇಕಾದ ಬಾಣಗಳ ಪಟ್ಟಿ ಇದೆ: ವೇಣು, ಶರ, ಶಲಾಕಾ, ದಂಡಾಸನ, ನಾರಾಚ. ಮೊದಲ ಎರಡು ಬಿದಿರು ಮತ್ತು ಜೊಂಡು. ಅಂದರೆ ನಮ್ಮ ಹಿರಿಯರಿಗೆ ಬಾಣವೆಂಬುದು ಮೂಲದಲ್ಲಿ ಬೆಳೆದು ಬಂದ ವಸ್ತು; ಗಾಳಿಗೆ ಬಾಗಿ, ಬಿಸಿಲಿಗೆ ಒಣಗಿ, ತನ್ನದೇ ಸೊಟ್ಟವನ್ನು ಹೊತ್ತು ಬಂದ ವಸ್ತು. ಅದನ್ನು ತಿದ್ದುವವನು ಬೇಕೇ ಬೇಕು.

ತಿದ್ದುತ್ತಿದ್ದುದು ಹೇಗೆ? ಇದಕ್ಕೆ ಉತ್ತರ ದೊರೆತದ್ದು ಪಾಲಿ ಭಾಷೆಯ ಮಹಾಜನಕ ಜಾತಕದಲ್ಲಿ. ಮಿಥಿಲೆಯ ಅರಸ ಮಹಾಜನಕ ರಾಜ್ಯವನ್ನು ತೊರೆದು ಹೊರಟಿದ್ದಾನೆ. ರಾಣಿ ಸೀವಲಿ ಅವನನ್ನು ಬಿಡದೆ ಹಿಂಬಾಲಿಸಿದ್ದಾಳೆ. ದಾರಿಯ ಊರೊಂದರಲ್ಲಿ ಒಬ್ಬ ಇಷುಕಾರ ಕೆಂಡದ ಮೇಲೆ ಅಂಬನ್ನು ಕಾಯಿಸಿ, ಹುಳಿಗಂಜಿಯಿಂದ ತೋಯಿಸಿ, ಒಂದು ಕಣ್ಣನ್ನು ಮುಚ್ಚಿ ಇನ್ನೊಂದರಿಂದ ನೋಡುತ್ತ ಸೊಟ್ಟವನ್ನು ತೆಗೆಯುತ್ತಿರುತ್ತಾನೆ. ಒಂದು ಕಣ್ಣನ್ನೇಕೆ ಮುಚ್ಚಿದೆ ಎಂದು ಅರಸ ಕೇಳುತ್ತಾನೆ. ಎರಡು ಕಣ್ಣುಗಳಿಂದ ನೋಡಿದರೆ ನೋಟ ಹರಡಿಹೋಗುತ್ತದೆ, ಒಂದರಿಂದ ನೋಡಿದರೆ ಮಾತ್ರ ಡೊಂಕು ಕಾಣುತ್ತದೆ ಎಂದು ಅವನ ಉತ್ತರ. ಒಂಟಿಯಾಗಿರುವುದೇ ಲೇಸೆಂದು ರಾಣಿಗೆ ತಿಳಿಸಿಕೊಡಲು ಅರಸ ಆ ಮಾತನ್ನು ಬಳಸಿಕೊಳ್ಳುತ್ತಾನೆ. ಕಥೆ ಮುಂದಕ್ಕೆ ಹೋಗುತ್ತದೆ. ಇಷುಕಾರ ಅಲ್ಲೇ ಉಳಿಯುತ್ತಾನೆ.

ಭಾಗವತದವನು ನೋಡುತ್ತಿದ್ದುದು ಏನನ್ನು ಎಂಬುದಕ್ಕೆ ಇದು ಅರ್ಧ ಉತ್ತರ. ಬಿಸಿಗೆ ಕಡ್ಡಿ ಮೆದುವಾಗುತ್ತದೆ; ಮೆದುವಾದಾಗ ಒತ್ತಿ ಹಿಡಿದು ತಣಿಸಿದರೆ ಹೊಸ ಆಕಾರದಲ್ಲಿ ನಿಲ್ಲುತ್ತದೆ. ಆದರೆ ನನ್ನ ವಿದ್ಯಾರ್ಥಿಯ ಪ್ರಶ್ನೆ ಇಷ್ಟಕ್ಕೆ ತೀರುವುದಿಲ್ಲ. ಅಂಬು ನೆಟ್ಟಗಿದೆಯೆಂದೇ ಇಟ್ಟುಕೊಳ್ಳೋಣ. ಅದು ನೆಟ್ಟಗೆ ಹಾರುವುದೆ?

ಒಂದು ಬಿಲ್ಲನ್ನು ಕಲ್ಪಿಸಿಕೊಳ್ಳಿ. ಎರಡು ತುದಿಗಳೂ ಬಿಲ್ಲುಗಾರನಿಂದ ಆಚೆಗೆ ಮರುಬಾಗಿದ ಬಿಲ್ಲು. ಕೊಂಬು, ನರ, ಮರಗಳನ್ನು ಅಂಟಿಸಿ ಏಷ್ಯಾದ ಸವಾರರು ಮಾಡುತ್ತಿದ್ದಂಥದು. ಕೌಟಿಲ್ಯನ ಪಟ್ಟಿಯಲ್ಲಿ ಕೊಂಬಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರಿದೆ. ಮರುಬಾಗಿದ ತುದಿಗಳಿಂದಾಗಿ ಬಿಲ್ಲು ಗಿಡ್ಡವಾಗಿದ್ದರೂ ಹೆಚ್ಚು ಕಸುವನ್ನು ತುಂಬಿಟ್ಟುಕೊಳ್ಳುತ್ತದೆ. ಹೆದೆ ಇರುವುದು ಬಿಲ್ಲಿನ ನಡುಗೆರೆಯಲ್ಲಿ. ಅಂಬು ಒರಗುವುದು ಹಿಡಿಯ ಪಕ್ಕಕ್ಕೆ. ಹೆದೆಯನ್ನು ಪೂರ್ತಿ ಸೆಳೆದಾಗ ಅಂಬು ಗುರಿಯ ಕಡೆಗೆ ಮುಖ ಮಾಡಿರುತ್ತದೆ. ಬಿಟ್ಟೊಡನೆ ಹೆದೆ ನಡುಗೆರೆಗೆ ಮರಳುತ್ತದೆ. ಆಗ ಹಿಡಿಯ ದಪ್ಪ ಅಡ್ಡವಿರುವುದರಿಂದ ಅಂಬಿನ ಮೊನೆ ಗುರಿಯಿಂದ ಆಚೆಗೆ ತಿರುಗಬೇಕು. ಲೆಕ್ಕದ ಪ್ರಕಾರ ಪ್ರತಿಯೊಂದು ಬಾಣವೂ ಪಕ್ಕಕ್ಕೆ ಹೋಗಬೇಕು. ಆದರೂ ಅದು ಗುರಿಗೆ ತಾಗುತ್ತದೆ. ಇದನ್ನು ‘ಬಿಲ್ಲುಗಾರನ ವಿರೋಧಾಭಾಸ’ ಎಂದು ಕರೆದವನು ರಾಬರ್ಟ್ ಎಲ್ಮರ್ ಎಂಬ ಅಮೆರಿಕದ ವೈದ್ಯ. ಅವನು ಸ್ವತಃ ಹೆಸರಾಂತ ಬಿಲ್ಲುಗಾರ.

ಒಗಟನ್ನು ಕಣ್ಣಿಗೆ ಕಾಣಿಸಿಕೊಟ್ಟವನು ಇನ್ನೊಬ್ಬ ಅಮೆರಿಕನ್, ಕ್ಲಾರೆನ್ಸ್ ಹಿಕ್‌ಮನ್. 1918ರಲ್ಲಿ ರಾಕೆಟ್ ವಿಜ್ಞಾನಿ ಗೊಡಾರ್ಡ್ ಜೊತೆ ಕೆಲಸ ಮಾಡಿದ್ದ ಭೌತವಿಜ್ಞಾನಿ. 1930ರ ದಶಕದಲ್ಲಿ ಅವನು ಅತಿ ವೇಗದ ಕ್ಯಾಮರಾದಿಂದ ಹಾರುವ ಬಾಣದ ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಕಂಡದ್ದು ನೆಟ್ಟಗಿನ ಬಾಣವಲ್ಲ. ಬೆರಳುಗಳಿಂದ ಜಾರುವ ಹೆದೆ ಅಂಬಿನ ಬುಡವನ್ನು ತುಸು ಪಕ್ಕಕ್ಕೆ ತಳ್ಳುತ್ತದೆ. ಹಿಂದಿನಿಂದ ಬಿದ್ದ ಬಲಕ್ಕೆ ಅಂಬು ಬಾಗುತ್ತದೆ. ಅದರ ನಡು ಮೊದಲು ಬಿಲ್ಲಿನ ಕಡೆಗೆ ಉಬ್ಬುತ್ತದೆ, ಮರುಕ್ಷಣ ಆಚೆಗೆ ಉಬ್ಬುತ್ತದೆ, ಮತ್ತೆ ಈಚೆಗೆ ಬಾಗುವ ಹೊತ್ತಿಗೆ ಗರಿ ಕಟ್ಟಿದ ಬಾಲ ಹಿಡಿಗೆ ತಾಗದೆ ದಾಟಿಹೋಗಿರುತ್ತದೆ. ಮೀನಿನಂತೆ ಬಳುಕಿ ಬಿಲ್ಲನ್ನು ಬಳಸಿ ಸಾಗಿದ ಮೇಲೆ ಬಳುಕು ಕ್ರಮೇಣ ಅಡಗುತ್ತದೆ, ಗರಿಗಳು ಉಳಿದುದನ್ನು ನೇರ್ಪಡಿಸುತ್ತವೆ. ನೇರವಾಗಿ ಹಾರಬೇಕಾದರೆ ಬಾಣ ಬಾಗಲೇಬೇಕು. ಕಿಟಕಿಯ ಸರಳಿಗೂ ಬತ್ತಳಿಕೆಯ ಸರಳಿಗೂ ಇರುವ ವ್ಯತ್ಯಾಸ ಇದೇ.

ಎಷ್ಟು ಬಾಗಬೇಕು? ವಿದ್ಯೆಯೆಲ್ಲ ಅಡಗಿರುವುದು ಈ ಪ್ರಶ್ನೆಯಲ್ಲಿ. ಬಿರುಸಾದ ಅಂಬು ಬಾಗದೆ ಹಿಡಿಗೆ ತಾಕಿ ಆಚೆಗೆ ಸಿಡಿಯುತ್ತದೆ. ಮೆದುವಾದದ್ದು ಅತಿಯಾಗಿ ಬಳುಕಿ ಈಚೆಗೆ ಹೊರಳುತ್ತದೆ. ಬಿಲ್ಲಿನ ಬಲಕ್ಕೆ ಅಂಬಿನ ಬಾಗುಗುಣ ಹೊಂದಬೇಕು. ಪಶ್ಚಿಮದ ಮರದ ಬಾಣಗಾರರಲ್ಲಿ ಇದಕ್ಕೊಂದು ಅಳತೆಯಿದೆ: 26 ಅಂಗುಲ ಅಂತರದ ಎರಡು ಆನಿಕೆಗಳ ಮೇಲೆ ಅಂಬನ್ನಿಟ್ಟು, ನಡುವೆ 2 ಪೌಂಡು ತೂಕವನ್ನು ತೂಗಬಿಡುವುದು, ಅದು ಎಷ್ಟು ಅಂಗುಲ ಜಗ್ಗಿತೋ ಅದರಿಂದ 26ನ್ನು ಭಾಗಿಸುವುದು. ಅರ್ಧ ಅಂಗುಲ ಜಗ್ಗಿದರೆ ಉತ್ತರ 52. ಸುಮಾರು 52 ಪೌಂಡು ಸೆಳೆತದ ಬಿಲ್ಲಿಗೆ ಆ ಅಂಬು ಸಲ್ಲುತ್ತದೆ.

ಇದಾದ ಮೇಲೂ ಕೈಯ ಕೆಲಸ ಉಳಿಯುತ್ತದೆ. ಅಲಗಿನ ತೂಕ ಹೆಚ್ಚಿಸಿದರೆ ಅಂಬು ಹೆಚ್ಚು ಬಳುಕುತ್ತದೆ. ಕಡ್ಡಿಯನ್ನು ಮೋಟು ಮಾಡಿದರೆ ಬಿರುಸಾಗುತ್ತದೆ. ಒಂದು ಅಂಬಿನ ಗರಿಗಳೆಲ್ಲ ಹಕ್ಕಿಯ ಒಂದೇ ಕಡೆಯ ರೆಕ್ಕೆಯವಾಗಿರಬೇಕು. ಎಡ ಬಲ ಬೆರೆತರೆ ಒಂದು ಗರಿ ತಿರುಗಿಸಿದ್ದನ್ನು ಇನ್ನೊಂದು ತಡೆಯುತ್ತದೆ. ಹೆದೆಯಲ್ಲಿ ಅಂಬನ್ನು ಕಚ್ಚಿಸುವ ಜಾಗ ಮೇಲು ಕೆಳಗಾದರೆ ಬಾಣ ಮೇಲೆ ಕೆಳಗೆ ಓಲಾಡುತ್ತದೆ. ಎಲ್ಲ ಸರಿಹೋಯಿತೇ ಎಂದು ಪರೀಕ್ಷಿಸಲು ಗರಿಯಿಲ್ಲದ ಬೋಳು ಅಂಬನ್ನು ಹತ್ತಿರದಿಂದ ಎಸೆದು ನೋಡುತ್ತಾರೆ. ತಪ್ಪನ್ನು ಮರೆಸಲು ಗರಿಯಿಲ್ಲದಿರುವುದರಿಂದ ಅದು ನಿಜವನ್ನು ಹೇಳುತ್ತದೆ. ಬಲಗೈಯ ಬೆರಳುಗಳಿಂದ ಸೆಳೆದು ಅಂಬನ್ನು ಬಿಲ್ಲಿನ ಎಡಕ್ಕಿಟ್ಟು ಎಸೆಯುವವನಿಗೆ ಮೆದು ಅಂಬು ಬಲಕ್ಕೆ ಬೀಳುತ್ತದೆ, ಬಿರುಸಾದದ್ದು ಎಡಕ್ಕೆ. ಹೆಬ್ಬೆರಳಿನಿಂದ ಸೆಳೆಯುವ ಪದ್ಧತಿಯಲ್ಲಿ ಅಂಬು ಬಿಲ್ಲಿನ ಬಲಕ್ಕಿರುತ್ತದೆ, ಆದ್ದರಿಂದ ಇದೆಲ್ಲ ತಿರುಗುಮುರುಗು. ಮೊಗಲರ ಕಾಲದ ಹಸಿರುಕಲ್ಲಿನ ಹೆಬ್ಬೆರಳುಂಗುರಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಿದವರು ಆ ಪದ್ಧತಿಯ ಗುರುತನ್ನು ನೋಡಿದ್ದಾರೆ. ಬಿಲ್ಲು, ಅಂಬು, ಕೈ ಈ ಮೂರೂ ಒಂದಕ್ಕೊಂದು ಒಗ್ಗಬೇಕು.

“ಒಂದು ಬಿಲ್ಲಿನ ಬಾಣ ಇನ್ನೊಂದು ಬಿಲ್ಲಿಗೆ ಹೂಡೋಕೆ ಬಿಡ್ತಿರಲಿಲ್ಲ.” ಹುಡುಗನ ಅಜ್ಜ ಹೇಳಿದ್ದು ಇದನ್ನೇ. ಹಿಕ್‌ಮನ್ನನ ಕ್ಯಾಮರಾ ತೋರಿಸಿದ್ದನ್ನು ಆ ಮುದುಕ ಕೈಯಿಂದ ಬಲ್ಲವನಾಗಿದ್ದ.

ಇಲ್ಲಿ ಇನ್ನೊಂದು ಚರಿತ್ರೆಯನ್ನು ಹೇಳಬೇಕು. 1911ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಓರೊವಿಲ್ ಎಂಬಲ್ಲಿ ಹಸಿದು ಬಳಲಿದ ಒಬ್ಬ ಆದಿವಾಸಿ ಕಾಡಿನಿಂದ ಹೊರಗೆ ಬಂದ. ಬಿಳಿಯರ ಕೊಲೆಗಳಿಗೆ ಆಹುತಿಯಾದ ಯಾಹಿ ಜನರಲ್ಲಿ ಉಳಿದಿದ್ದವನು ಅವನೊಬ್ಬನೇ. ಅವನು ತನ್ನ ಹೆಸರನ್ನು ಹೇಳಲಿಲ್ಲ. ‘ಇಶಿ’ ಎಂದು ಕರೆದರು. ಅವನ ಭಾಷೆಯಲ್ಲಿ ಹಾಗೆಂದರೆ ಮನುಷ್ಯ. ಅವನನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡರು. ಚಿಕಿತ್ಸೆಗೆಂದು ಬಂದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಶಿಷ್ಯನಾದ. ಪಕ್ಕದಲ್ಲಿ ಕುಳಿತು ಕೇಳಿದ, ನೋಡಿದ, ಬರೆದುಕೊಂಡ. ಇಶಿ ಕಡ್ಡಿಯ ಡೊಂಕನ್ನು ಕೆಂಡದ ಹತ್ತಿರ ಹಿಡಿದು ಕಾಯಿಸುತ್ತಿದ್ದ. ಕಾಲಿನ ಹೆಬ್ಬೆರಳನ್ನೋ ಕೈಯ ಹೆಬ್ಬೆರಳಿನ ಬುಡವನ್ನೋ ಆನಿಸಿ ಬಗ್ಗಿಸುತ್ತಿದ್ದ. ಕಣ್ಣು ಕಿರಿದು ಮಾಡಿ ಅದರ ಉದ್ದಕ್ಕೂ ನೋಡುತ್ತಿದ್ದ. ಜಾತಕದ ಇಷುಕಾರನಿಗೂ ಇವನಿಗೂ ನಡುವೆ ಸಾಗರಗಳಿವೆ, ಶತಮಾನಗಳಿವೆ. ಕೆಂಡ ಒಂದೇ, ನೋಟ ಒಂದೇ. ಇಶಿ 1916ರಲ್ಲಿ ಕ್ಷಯದಿಂದ ತೀರಿಕೊಂಡ. ಪೋಪ್ 1918ರಲ್ಲಿ ಯಾಹಿಗಳ ಬಿಲ್ವಿದ್ಯೆಯ ಮೇಲೆ ಒಂದು ಪ್ರಬಂಧವನ್ನೂ, 1923ರಲ್ಲಿ ಒಂದು ಗ್ರಂಥವನ್ನೂ ಪ್ರಕಟಿಸಿದ. ಒಂದು ಜನಾಂಗದ ವಿದ್ಯೆ ಉಳಿದದ್ದು ಒಬ್ಬನು ಕೇಳಿದ್ದರಿಂದ, ಇನ್ನೊಬ್ಬನು ಹೇಳಿದ್ದರಿಂದ.

ನಮ್ಮಲ್ಲಿ ಇಷುಕಾರನಿಗೆ ಗೌರವ ಕಡಿಮೆಯಾಗಲಿಲ್ಲ. ಅವಧೂತನು ಅವನನ್ನು ಗುರುವೆಂದ. ಧಮ್ಮಪದವು ಮನಸ್ಸನ್ನು ತಿದ್ದಿಕೊಳ್ಳುವ ಪ್ರಾಜ್ಞನಿಗೆ ಅವನನ್ನು ಹೋಲಿಸಿತು. ಮಹಾಜನಕನು ಅವನಿಂದ ವೈರಾಗ್ಯವನ್ನು ಕಲಿಸಿದ. ಆದರೆ ಎಲ್ಲರೂ ಅವನಿಂದ ತಮಗೆ ಬೇಕಾದ ನೀತಿಯನ್ನು ತೆಗೆದುಕೊಂಡು ಮುಂದೆ ಹೋದರು. ಈ ಕಡ್ಡಿಯನ್ನೇ ಏಕೆ ಆರಿಸಿದೆ, ಆ ಬಿಲ್ಲಿಗೆ ಇದು ಏಕೆ ಸಲ್ಲದು ಎಂದು ಕುಳಿತು ಕೇಳಿದವರು ವಿರಳ. ಬಿಲ್ಲು ಹಿಡಿದವರ ಹೆಸರು ಕಾವ್ಯಗಳಲ್ಲಿ ಉಳಿಯಿತು. ಬಾಣ ತಿದ್ದಿದವರ ಒಂದು ಹೆಸರೂ ನನಗೆ ಪಾಠ ಹೇಳಲು ಸಿಕ್ಕಲಿಲ್ಲ.

ಪೋಪ್‌ಗೆ ದೊರೆತಂಥ ಅವಕಾಶ ನನಗೂ ಒಂದು ದಿನ, ಒಂದು ನಿಮಿಷ, ದೊರೆತಿತ್ತು. ಅಜ್ಜ ಆಗ ಬದುಕಿದ್ದನೇ, ಯಾವ ಬಿದಿರನ್ನು ಆರಿಸುತ್ತಿದ್ದ, ಎಷ್ಟು ಬಳುಕಿದರೆ ಸಾಕೆಂದು ಹೇಗೆ ತಿಳಿಯುತ್ತಿದ್ದ ಎಂದು ಆ ಹುಡುಗನನ್ನು ಕೇಳಬಹುದಿತ್ತು. ರಜೆಯಲ್ಲಿ ಅವನ ಜೊತೆ ಬಸ್ಸು ಹತ್ತಬಹುದಿತ್ತು. ಬಿರುಸಾದ ಬಾಣದಂತೆ ನಾನು ಬಾಗದೆ ಹೋದೆ, ಗುರಿ ತಪ್ಪಿತು.

ಆ ವಿದ್ಯಾರ್ಥಿಗೆ ಈಗ ಅರುವತ್ತರ ಹತ್ತಿರದ ವಯಸ್ಸಾಗಿರಬೇಕು. ಈ ಮಾತು ಅವನ ಕಿವಿಗೆ ಬಿದ್ದರೆ, ಅವನ ಪ್ರಶ್ನೆ ಸರಿಯಾಗಿತ್ತೆಂದು ಅವನು ತಿಳಿಯಲಿ. ಅಜ್ಜನ ಮಾತುಗಳಲ್ಲಿ ಇನ್ನೇನಾದರೂ ನೆನಪಿದ್ದರೆ ಮೊಮ್ಮಕ್ಕಳಿಗೆ ಹೇಳಲಿ. ಅವರು ಕೇಳಲಿ.