ಮಾಡೆಲ್ ಟಿ ಮೋಟಾರಿನ ಕಾಲನಿರ್ಣಯ

ಹೆನ್ರಿ ಫೋರ್ಡನ ಕಾರ್ಖಾನೆಗಳು 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ಮಾಡೆಲ್ ಟಿ ಮೋಟಾರುಗಳನ್ನು ಹೊರತಂದವು. ಮಡಚುವ ಬಟ್ಟೆಯ ಮೇಲ್ಹೊದಿಕೆಯುಳ್ಳ ಅದರ ಟೂರಿಂಗ್ ಗಾಡಿಯೊಂದರ ಜೀರ್ಣೋದ್ಧಾರಕ್ಕೆ ತೊಡಗಿದವನಿಗೆ ಅಂಗಾಂಗಗಳೇ ಒಗಟಾಗುತ್ತವೆ. ಕಾಲ ಬಳಿ ಮೂರು ಪೆಡಲುಗಳಿದ್ದರೂ ವೇಗ ಹೆಚ್ಚಿಸುವಂಥದು ಒಂದೂ ಇಲ್ಲ. ಎಡದ್ದು ಗೇರಿಗೆ, ನಡುವಣದು ಹಿಂದೋಡಲು, ಬಲದ್ದು ಬ್ರೇಕಿಗೆ. ವೇಗ ಹೆಚ್ಚಿಸುವ ಸನ್ನೆಗೋಲು ಚಕ್ರದ ಕೆಳಗೆ ಬಲಕ್ಕಿದೆ. ಅದರ ಎಡದ ಜೊತೆಗಾರ ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡುತ್ತದೆ. ಮರದ ಕವಚದ ನಾಲ್ಕು ಪುಟ್ಟ ಪೆಟ್ಟಿಗೆಗಳು ಸಿಲಿಂಡರಿಗೊಂದರಂತೆ ಕಿಡಿ ಒದಗಿಸುವ ಸುರುಳಿಗಳು. ಅವುಗಳಿಗೆ ವಿದ್ಯುತ್ತು ಬರುವುದು ಜಡಚಕ್ರಕ್ಕೆ ಬಿಗಿದ ಹದಿನಾರು ಅಯಸ್ಕಾಂತಗಳಿಂದ.

ಇವೆಲ್ಲ ಬಿಡಿಸಬಹುದಾದ ಒಗಟುಗಳು. ನಿಜವಾದ ತೊಡಕು ಕಾಲದ್ದು. ಒಂದರ ಭಾಗ ಇನ್ನೊಂದಕ್ಕೆ ಸುಲಭವಾಗಿ ಹೊಂದುವುದರಿಂದ ಹಳೆಯ ಗಾಡಿ ಅನೇಕ ವರ್ಷಗಳ ಕಲಬೆರಕೆಯಾಗಿರುವುದುಂಟು. ಹಿತ್ತಾಳೆಯ ರೇಡಿಯೇಟರು 1916ರ ಮಾದರಿಗೇ ಮುಗಿಯಿತು. ಹೊಳಪಿನ ಮೋಹದಿಂದ ಅದನ್ನು ಇಪ್ಪತ್ತರ ದಶಕದ ಗಾಡಿಗೆ ತೊಡಿಸುವುದು ತಾಮ್ರಶಾಸನವನ್ನು ತಿದ್ದಿದಂತೆಯೇ ಸರಿ. ಎಂಜಿನ್ನಿನ ಎಡಮಗ್ಗುಲಲ್ಲಿ, ನೀರು ಒಳಹೋಗುವ ಬಾಯಿಯ ಮೇಲ್ಗಡೆ ಒತ್ತಿದ ಸಂಖ್ಯೆಯೇ ಗಾಡಿಯ ಸಂಖ್ಯೆ. ಆದರೆ ಎಂಜಿನ್ನೂ ಬದಲಾಗಿರಬಹುದಲ್ಲ! 1926ರ ಮಾದರಿಯ ಹೊತ್ತಿಗೆ ಚೌಕಟ್ಟಿನ ಮೇಲೂ ಸಂಖ್ಯೆ ಬಂದುದರಿಂದ ಎರಡನ್ನೂ ತಾಳೆನೋಡಬಹುದು. ಅದಕ್ಕೂ ಹಿಂದಿನವುಗಳಲ್ಲಿ ಬಿಡಿಭಾಗಗಳ ಸಾಕ್ಷ್ಯವೇ ಗತಿ.