ಗಿರಣಿ ಯಜಮಾನರ ಮನೆಯೂ ನಮ್ಮ ಮಗ್ಗದ ಮನೆಗಳೂ



ಬಾಶೆಟ್ಟಿಹಳ್ಳಿಯಿಂದ ದೊಡ್ಡಬಳ್ಳಾಪುರದ ಪೇಟೆಗೆ ಹೋಗಿಬರುವ ನಮಗೆ ಮಗ್ಗದ ಸದ್ದನ್ನು ಪರಿಚಯಿಸಬೇಕಾಗಿಲ್ಲ. ನೇಕಾರರ ಬೀದಿಗಳಲ್ಲಿ ವಾಸದ ಮನೆ ಬೇರೆ, ಕಾರ್ಖಾನೆ ಬೇರೆ ಎಂಬ ಭೇದ ಬಹುಮಟ್ಟಿಗೆ ಇರಲಿಲ್ಲ. ಮುಂದಿನ ಅಂಕಣದಲ್ಲಿ ಮಗ್ಗ, ಅದರಾಚೆಗೆ ಅಡುಗೆಮನೆ, ದೇವರ ಗೂಡು, ಮೂಲೆಯಲ್ಲಿ ತೊಟ್ಟಿಲು. ಹಿಂದಿನ ಕಾಲದ ಕುಣಿ ಮಗ್ಗದಲ್ಲಿ ನೇಕಾರನು ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ಕುಳಿತು ನೇಯುತ್ತಿದ್ದನು. ವಿದ್ಯುತ್ ಮಗ್ಗ ಬಂದ ಮೇಲೆ ಗುಂಡಿ ಮುಚ್ಚಿತು, ಸದ್ದು ಹೆಚ್ಚಿತು. ನಾಲ್ಕಾರು ಮಗ್ಗಗಳ ಯಜಮಾನನೂ ಅದೇ ಸದ್ದಿನಲ್ಲಿ ಉಣ್ಣುತ್ತಿದ್ದನು, ಮಲಗುತ್ತಿದ್ದನು.

ಈ ಮಾತು ನೆನಪಾದದ್ದು ಬಹು ದೂರದ ಒಂದು ಊರಿನಲ್ಲಿ. ಕೆಲವು ವರ್ಷಗಳ ಹಿಂದೆ ಮಗನ ಮನೆಗೆಂದು ಅಮೆರಿಕದ ಜಾರ್ಜಿಯಾ ರಾಜ್ಯಕ್ಕೆ ಹೋಗಿದ್ದಾಗ, ಅಟ್ಲಾಂಟಾ ನಗರದ ಉತ್ತರಕ್ಕಿರುವ ರಾಸ್‌ವೆಲ್ ಎಂಬ ಊರಿನಲ್ಲಿ ಹಳೆಯ ಹತ್ತಿ ಗಿರಣಿಯ ಯಜಮಾನರ ಮನೆಯನ್ನು ನೋಡುವ ಅವಕಾಶ ಒದಗಿತು. ಅದರ ಹೆಸರು ಬ್ಯಾರಿಂಗ್‌ಟನ್ ಹಾಲ್.

ಆ ಸೀಮೆ ಮೊದಲು ಚೆರೋಕಿ ಎಂಬ ಮೂಲನಿವಾಸಿಗಳದು. 1838ರಲ್ಲಿ ಸರ್ಕಾರವು ಅವರನ್ನು ಬಲವಂತದಿಂದ ಪಶ್ಚಿಮಕ್ಕೆ ಅಟ್ಟಿತು. ಅದೇ ದಶಕದಲ್ಲಿ ಸಮುದ್ರ ತೀರದ ಕಡೆಯಿಂದ ಬಂದ ರಾಸ್‌ವೆಲ್ ಕಿಂಗ್ ಎಂಬುವರು ಅಲ್ಲಿನ ವಿಕೆರಿ ಹಳ್ಳದ ನೀರಿನ ರಭಸವನ್ನು ಕಂಡು, ಇದರಿಂದ ಯಂತ್ರಗಳನ್ನು ತಿರುಗಿಸಬಹುದೆಂದು ಮನಗಂಡರು. 1839ರಲ್ಲಿ ಕಂಪನಿ ಸ್ಥಾಪನೆಯಾಯಿತು. ಮಗ ಬ್ಯಾರಿಂಗ್‌ಟನ್ ಕಿಂಗ್ ಅದರ ಅಧ್ಯಕ್ಷರಾದರು. 1842ರಲ್ಲಿ ಪೂರ್ಣಗೊಂಡ ಈ ಮನೆ ಅವರದೇ.

ಮನೆಯ ಶಿಲ್ಪಿ ವಿಲ್ಲಿಸ್ ಬಾಲ್. ಆ ಕಾಲದ ಅಮೆರಿಕದಲ್ಲಿ ಪ್ರಾಚೀನ ಗ್ರೀಕ್ ದೇವಾಲಯಗಳನ್ನು ಅನುಕರಿಸುವ ವಾಸ್ತುಶೈಲಿಗೆ ಬಹಳ ಮನ್ನಣೆಯಿತ್ತು. ಮನೆಯ ಮೂರು ಕಡೆಗಳಲ್ಲಿ ಡೋರಿಕ್ ಶೈಲಿಯ 14 ಕಂಬಗಳು ನೆಲದಿಂದ ಸೂರಿನವರೆಗೆ ಎದ್ದು ನಿಂತಿವೆ. ದೂರದಿಂದ ಅಮೃತಶಿಲೆ ಎನಿಸುತ್ತದೆ. ಹತ್ತಿರ ಹೋದರೆ ಬಿಳಿಯ ಬಣ್ಣ ಬಳಿದ ಮರ. ಛಾವಣಿಯ ನೆತ್ತಿಯ ಮೇಲೆ ಕಟಕಟೆ ಹಾಕಿದ ಜಗಲಿಯುಂಟು. ಮೂರು ಕಡೆಯ ಮೊಗಸಾಲೆಯೂ ಎತ್ತರದ ಕೋಣೆಗಳೂ ದಕ್ಷಿಣದ ಬಿಸಿಲಿಗೆ ತಕ್ಕ ಉಪಾಯ. ನಮ್ಮ ತೊಟ್ಟಿಮನೆ ಗಾಳಿಬೆಳಕುಗಳನ್ನು ನಡುವಿನ ಅಂಗಳದಿಂದ ಪಡೆದರೆ, ಅದು ಹೊರಗಿನ ಮೊಗಸಾಲೆಯಿಂದ ಪಡೆಯುತ್ತದೆ. ನಮ್ಮದು ಒಳಮುಖ, ಅವರದು ಊರೆಲ್ಲ ಕಾಣಲೆಂದು ನಿಂತ ಹೊರಮುಖ. ಇದೇ ಬಾಲ್ ಅವರು ಕಟ್ಟಿದ ಪಕ್ಕದ ಬುಲಕ್ ಹಾಲ್‌ನಲ್ಲಿ 1853ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ತಂದೆತಾಯಿಯರ ಮದುವೆ ನಡೆಯಿತು.

ಈ ಕಂಬಗಳನ್ನು ನಿಲ್ಲಿಸಿದ ದುಡಿಮೆ ಗುಲಾಮರದು. ಕಿಂಗ್ ಕುಟುಂಬದವರು ತಮ್ಮ ಗುಲಾಮರನ್ನು ಸಮುದ್ರ ತೀರದಿಂದ ಕರೆತಂದಿದ್ದರು. ಗಿರಣಿಯೊಳಗೆ ದುಡಿದವರು ಹೆಚ್ಚಾಗಿ ಬಡ ಬಿಳಿಯರು. ಅವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು. ಅವರ ವಾಸಕ್ಕೆಂದು ಕಟ್ಟಿದ ಇಟ್ಟಿಗೆಯ ಸಾಲುಮನೆಗಳು, ‘ಬ್ರಿಕ್ಸ್’ ಎಂಬ ಹೆಸರಿನಲ್ಲಿ ಇಂದಿಗೂ ಅಲ್ಲಿವೆ. ಅವುಗಳಿಗೆ ಕಂಬವಿಲ್ಲ, ಮೊಗಸಾಲೆಯಿಲ್ಲ. ಗಿರಣಿಯಿದ್ದದ್ದು ಕೆಳಗಿನ ಹಳ್ಳದ ದಂಡೆಯಲ್ಲಿ, ಯಜಮಾನರ ಮನೆ ಮೇಲಿನ ದಿಣ್ಣೆಯಲ್ಲಿ. ನಾನು ಆ ಮೊಗಸಾಲೆಯಲ್ಲಿ ನಿಂತಾಗ ಹಳ್ಳದ ನೀರಿನ ಸದ್ದೂ ಕೇಳಿಸಲಿಲ್ಲ.

1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಬಂದರುಗಳನ್ನು ಉತ್ತರದವರು ಬಂಧಿಸಿದ್ದರಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬಾರದಾಯಿತು. ಆಗಲೇ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದದ್ದು. ಕುಮಟೆಯ ಬಂದರು ಗಾಡಿಗಳಿಂದ ತುಂಬಿದ್ದು. ಯುದ್ಧ ಮುಗಿಯುತ್ತಲೇ ಬೆಲೆ ಕುಸಿಯಿತು.

ರಾಸ್‌ವೆಲ್‌ನಲ್ಲಿ ದಕ್ಷಿಣದ ಸೈನ್ಯಕ್ಕೆ ಬೇಕಾದ ಬಟ್ಟೆ ನೇಯಲಾಗುತ್ತಿತ್ತು. 1864ರ ಜುಲೈನಲ್ಲಿ ಜನರಲ್ ಗ್ಯಾರಾರ್ಡನ ಕುದುರೆ ಪಡೆ ಬರುವ ಹೊತ್ತಿಗೆ ಯಜಮಾನರ ಮನೆಯವರು ಊರು ಬಿಟ್ಟಿದ್ದರು. ಗಿರಣಿಯಲ್ಲಿದ್ದ ರೋಶ್ ಎಂಬ ಫ್ರೆಂಚ್ ನೇಕಾರನು ಫ್ರಾನ್ಸಿನ ಬಾವುಟವನ್ನೇರಿಸಿ ಗಿರಣಿಯನ್ನು ಉಳಿಸಲು ನೋಡಿದನು, ಫಲಿಸಲಿಲ್ಲ. ಗಿರಣಿಯನ್ನು ಸುಟ್ಟರು. ಬಳಿಕ ಜನರಲ್ ಶೆರ್ಮನ್ ಕೆಲಸಗಾರರೆಲ್ಲ ರಾಜದ್ರೋಹಿಗಳೆಂದು ಸೆರೆಹಿಡಿಯಲು ಆಜ್ಞೆ ಮಾಡಿದನು. ಸುಮಾರು 400 ಮಂದಿ ಹೆಂಗಸರು ಮಕ್ಕಳನ್ನು ಬಂಡಿಗಳಲ್ಲಿ ಮ್ಯಾರಿಯೆಟ್ಟಾಗೆ ಒಯ್ದು, ಅಲ್ಲಿಂದ ರೈಲಿನಲ್ಲಿ ಉತ್ತರದ ಲೂಯಿವಿಲ್ ಕಡೆಗೆ ಸಾಗಿಸಿದರು. ಅವರಲ್ಲಿ ಅನೇಕರು ಮತ್ತೆ ಊರು ಕಾಣಲಿಲ್ಲ.

ಯಜಮಾನರ ಮನೆ ಮಾತ್ರ ಸುಡಲಿಲ್ಲ. ಯುದ್ಧಾನಂತರ ಬ್ಯಾರಿಂಗ್‌ಟನ್ ಕಿಂಗ್ ಮರಳಿ ಬಂದು, 1866ರಲ್ಲಿ ತೀರಿಕೊಂಡರು. ಗಿರಣಿ ಮತ್ತೆ ಎದ್ದಿತು. 1926ರಲ್ಲಿ ಸಿಡಿಲಿನ ಬೆಂಕಿಗೆ ತುತ್ತಾಯಿತು. ಉಳಿದ ಕೆಲಸ 1975ರಲ್ಲಿ ನಿಂತಿತು. ಮನೆ ಈಗ ನಗರಾಡಳಿತದ ವಸ್ತುಸಂಗ್ರಹಾಲಯ. ಸೆರೆಯಾಗಿ ಹೋದ ಹೆಂಗಸರ ನೆನಪಿಗೆ 2000ನೇ ಇಸವಿಯಲ್ಲಿ ಒಂದು ಸ್ಮಾರಕ ನಿಂತಿತು: ತುದಿ ಮುರಿದಂತೆ ಕೆತ್ತಿದ ಒಂಟಿ ಕಂಬ. ಮೇಲಿನ 14 ಕಂಬಗಳನ್ನು ನೋಡಿದವರು ಅದನ್ನೂ ನೋಡಿ ಬರಬೇಕು.

ಹೈಸ್ಕೂಲಿನಲ್ಲಿ ನಾನು ನಿಮಗೆ ಈ ಯುದ್ಧವನ್ನು ಪಾಠ ಮಾಡಿದ್ದುಂಟು. ಕಾರಣಗಳು, ಪರಿಣಾಮಗಳು, ಲಿಂಕನ್. ಆ 400 ಮಂದಿಯ ಮಾತು ನನ್ನ ಟಿಪ್ಪಣಿಯಲ್ಲಿರಲಿಲ್ಲ. ಅಂಥದೇ ಒಂದು ಪಾಠದ ದಿನ ಹಿಂದಿನ ಬೆಂಚಿನಲ್ಲಿ ನಿದ್ದೆಹೋದ ನೇಕಾರರ ಹುಡುಗನೊಬ್ಬನನ್ನು ನಾನು ಎಬ್ಬಿಸಿ ನಿಲ್ಲಿಸಿದ್ದೆ. ಅವನು ನಡುರಾತ್ರಿಯವರೆಗೆ ಕಂಡಿಕೆ ಸುತ್ತಿ ಬಂದಿದ್ದನೆಂಬುದು ಆಮೇಲೆ ಗೊತ್ತಾಯಿತು. ದೂರದ ಗಿರಣಿಯ ಕಥೆ ಹೇಳುತ್ತ, ಎದುರಿಗೇ ಕುಳಿತಿದ್ದ ಗಿರಣಿಯ ಕೂಸನ್ನು ನಾನು ಗುರುತಿಸಲಿಲ್ಲ. ಅವನು ಇದನ್ನು ಓದುತ್ತಿದ್ದರೆ ಕ್ಷಮೆಯಿರಲಿ.

ನಮ್ಮ ಮಗ್ಗದ ಮನೆಗಳಿಗೆ ಕಂಬಗಳ ವೈಭವವಿಲ್ಲ, ಆದ್ದರಿಂದ ಅವುಗಳನ್ನು ಯಾರೂ ವಸ್ತುಸಂಗ್ರಹಾಲಯ ಮಾಡುವುದಿಲ್ಲ. ಹೆಂಚು ಇಳಿದು ತಾರಸಿ ಏರುತ್ತಿದೆ. ನಿಮ್ಮಲ್ಲಿ ಮಗ್ಗದ ಮನೆಯಲ್ಲಿ ಬೆಳೆದವರು ಹಲವರಿದ್ದೀರಿ. ಎಲ್ಲಿ ಮಗ್ಗವಿತ್ತು, ಎಲ್ಲಿ ಹಾಸು ಹೂಡುತ್ತಿದ್ದರು, ತಾಯಿ ಎಲ್ಲಿ ಕುಳಿತು ನೂಲು ಸುತ್ತುತ್ತಿದ್ದರು, ಕೂಲಿಗೆ ಬರುತ್ತಿದ್ದವರು ಯಾರು, ಇವನ್ನೆಲ್ಲ ಒಂದು ಹಾಳೆಯಲ್ಲಿ ನಕ್ಷೆ ಸಮೇತ ಬರೆದು ನನಗೆ ಕಳುಹಿಸಿಕೊಡಿ. ಈ ಸಲ ಅಂಕ ಕೊಡುವುದಿಲ್ಲ, ಓದಿ ಕಲಿಯುತ್ತೇನೆ.