ಗೂಟದ ಮೇಲಿನ ಬಂದೂಕು, ಶಾಲೆಗೆ ಹೊರಟ ಮಗು

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವಾಗ ಸಿಗುವ ಹಳ್ಳಿಯೊಂದರಲ್ಲಿ ನಾನು ಕಂಡ ಮನೆ ಅದು. ನಡುಮನೆಯ ಗೋಡೆಗೆ ಎರಡು ಗೂಟ, ಗೂಟದ ಮೇಲೆ ಜೋಡಿ ನಳಿಕೆಯ ಬಂದೂಕು. ಅದರ ಕೆಳಗೆ ಚಾಪೆ ಹಾಸಿಕೊಂಡು ಏಳನೇ ತರಗತಿಯ ಹುಡುಗ ಲೆಕ್ಕ ಮಾಡುತ್ತಿದ್ದ. ಕಾಡುಹಂದಿಗಳು ಅರಿಶಿನದ ಹೊಲವನ್ನು ಉತ್ತು ಹಾಕುತ್ತಿದ್ದ ಕಾಲದಲ್ಲಿ ಅವನ ತಾತ ಲೈಸೆನ್ಸ್ ಮಾಡಿಸಿದ್ದರಂತೆ. "ಹೊಡಿಯಕ್ಕಲ್ಲ ಸ್ವಾಮಿ, ಸದ್ದು ಮಾಡಕ್ಕೆ" ಎಂದರು. ತೋಟಾ ಎಲ್ಲಿಡುತ್ತೀರಿ ಎಂದು ಕೇಳಿದೆ. ತಾತ ಉತ್ತರ ಕೊಡುವ ಮೊದಲೇ ಹುಡುಗ ಎದ್ದು, ಬೀರುವಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿ ತೋರಿಸಿದ.

ಬಂದೂಕಿನ ಕಾನೂನು ಮತ್ತು ಶಾಲೆಯ ಸುರಕ್ಷತೆ ಎಂಬ ಎರಡು ವಿಚಾರಗಳು ಬಹುಕಾಲ ಒಂದನ್ನೊಂದು ನೋಡದೆ ಬೆಳೆದವು. ಒಂದನ್ನು ಪೊಲೀಸರು ಮತ್ತು ಕಂದಾಯ ಕಚೇರಿ ನೋಡಿಕೊಂಡವು, ಇನ್ನೊಂದನ್ನು ಶಿಕ್ಷಣ ಇಲಾಖೆ. ಇವೆರಡೂ ಕೂಡುವ ಜಾಗ ಶಾಲೆಯ ಗೇಟು ಎಂದು ನಾವು ತಿಳಿದಿದ್ದೇವೆ. ಆ ಬಿಸ್ಕತ್ತಿನ ಡಬ್ಬಿ ಕಂಡ ದಿನದಿಂದ ನಾನು ಹಾಗೆ ನಂಬುವುದನ್ನು ಬಿಟ್ಟಿದ್ದೇನೆ.

ನಮ್ಮ ಕಾನೂನಿನ ಕಥೆ ಶುರುವಾಗುವುದು ಭಯದಿಂದ. 1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿದುಕೊಂಡರು. ಲಾರ್ಡ್ ಲಿಟ್ಟನ್ ಕಾಲದ 1878ರ ಆಯುಧ ಕಾಯ್ದೆ ಅದಕ್ಕೆ ಗಟ್ಟಿ ರೂಪ ಕೊಟ್ಟಿತು. ಕೊಡಗಿಗೆ ಮಾತ್ರ 1861ರಲ್ಲೇ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದರು. ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ನಾಡು ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಚಾಮರಾಜನಗರದ ರೈತನಿಗೆ ಹತ್ತಿರವಾದದ್ದು ಸ್ವತಂತ್ರ ಭಾರತದ 1959ರ ಕಾಯ್ದೆ. ಬಾಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ರಕ್ಷಣೆಗೆ ಇಟ್ಟುಕೊಳ್ಳಬಹುದೆಂದು ಅದು ಹೆಸರಿಸಿಯೇ ಹೇಳಿತು. ಇಪ್ಪತ್ತೊಂದು ತುಂಬದವರಿಗೆ ಲೈಸೆನ್ಸ್ ಇಲ್ಲ. ಆಮೇಲೆ ಬಂದ 1972ರ ವನ್ಯಜೀವಿ ಕಾಯ್ದೆ ಇನ್ನೊಂದು ಬೇಲಿ ಹಾಕಿತು: ಅಭಯಾರಣ್ಯದ ಸುತ್ತ 10 ಕಿಲೋಮೀಟರ್ ಒಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಇಲ್ಲದೆ ಹೊಸ ಲೈಸೆನ್ಸ್ ಕೊಡುವಂತಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಮೂರನ್ನೂ ಹೊದ್ದು ಮಲಗಿರುವ ಈ ಜಿಲ್ಲೆಯಲ್ಲಿ ಆ 10 ಕಿಲೋಮೀಟರಿನೊಳಗೆ ಎಷ್ಟು ಊರು ಬೀಳುತ್ತವೆ ಎಂಬುದನ್ನು ನಕ್ಷೆ ನೋಡಿದವರು ಬಲ್ಲರು. ಬೆಳೆ ಕಳೆದುಕೊಂಡವರ ಸಂಕಟ ಸುಳ್ಳಲ್ಲ. ಆದರೂ ಆ ಬೇಲಿ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ಹಂದಿಗೆಂದು ತಂದ ನಳಿಕೆ ಹಂದಿಯತ್ತಲೇ ತಿರುಗುತ್ತದೆಂದು ಯಾರೂ ಬರೆದುಕೊಡಲಾರರು.

ಕಾನೂನಿನ ಕೈಗೆ ಸಿಗದ ಬಂದೂಕು ಏನು ಮಾಡುತ್ತದೆ ಎಂಬುದನ್ನು ಈ ಸೀಮೆ ಬೇರೆಯವರಿಂದ ಕಲಿಯಬೇಕಿಲ್ಲ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಗೇ ನುಗ್ಗಿ ಐವರು ಪೊಲೀಸರನ್ನು ಕೊಂದು ಆಯುಧ ದೋಚಿತು. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅಪಹರಣ, 108 ದಿನಗಳ ಸೆರೆ. 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಎಳೆದೊಯ್ದರು, ಅವರು ಜೀವಂತ ಮರಳಲಿಲ್ಲ. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ಅಷ್ಟು ವರ್ಷ ಕಾಡಂಚಿನ ಮಕ್ಕಳು ಬಂದೂಕು ಹಿಡಿದವರನ್ನು ನೋಡುತ್ತಲೇ ಬೆಳೆದರು, ಕಾಡಿನವರನ್ನೂ ಸರ್ಕಾರದವರನ್ನೂ. ಆ ಮಕ್ಕಳ ಮನಸ್ಸಿನ ಬಗ್ಗೆ ನಾವು ಆಡಿದ ಮಾತು ತೀರಾ ಕಡಿಮೆ.

ಇನ್ನೊಂದು ಹೊಳೆ, ಶಾಲೆಯ ಸುರಕ್ಷತೆಯದು, ಹುಟ್ಟಿದ್ದು ನಾರ್ವೆಯಲ್ಲಿ. 1982ರಲ್ಲಿ ಸಹಪಾಠಿಗಳ ಕಾಟ ತಾಳದೆ ಮೂವರು ಹುಡುಗರು ಪ್ರಾಣ ಕಳೆದುಕೊಂಡಾಗ, ಡಾನ್ ಓಲ್ವಿಯಸ್ ಎಂಬ ಮನೋವಿಜ್ಞಾನಿ ಬೆರ್ಗನ್ ಊರಿನ ಶಾಲೆಗಳಲ್ಲಿ ಕಾಟ ತಡೆಯುವ ಕ್ರಮವನ್ನು ಪ್ರಯೋಗಿಸಿ ನೋಡಿದರು. ಶಾಲೆಯ ಹಿಂಸೆ ಹುಡುಗಾಟವಲ್ಲ, ತಡೆಯಬಹುದಾದ ಸಂಗತಿ ಎಂಬ ತಿಳಿವಳಿಕೆ ಅಲ್ಲಿಂದ ಬಲವಾಯಿತು. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಪುಟ್ಟ ಮಕ್ಕಳೂ ಒಬ್ಬ ಶಿಕ್ಷಕಿಯೂ ಬಲಿಯಾದರು. ಹಂತಕನ ಬಳಿ ಇದ್ದದ್ದು ಲೈಸೆನ್ಸ್ ಇದ್ದ ಬಂದೂಕುಗಳೇ. ಮರುವರ್ಷವೇ ಬ್ರಿಟನ್ ಖಾಸಗಿ ಪಿಸ್ತೂಲುಗಳನ್ನು ನಿಷೇಧಿಸಿತು. ಅಮೆರಿಕ ಬೇರೆ ದಾರಿ ಹಿಡಿಯಿತು. 1994ರ ಕಾಯ್ದೆಯೊಂದು ಶಾಲೆಗೆ ಬಂದೂಕು ತಂದವರನ್ನು ಒಂದು ವರ್ಷ ಹೊರಹಾಕಲು ಹೇಳಿತು, 1999ರ ಕೊಲಂಬೈನ್ ಶಾಲೆಯ ಹತ್ಯೆಯ ಬಳಿಕ ಲೋಹಶೋಧಕ, ಕಾವಲು, ಕವಾಯತು ಹೆಚ್ಚಿದವು. ಅಲ್ಲಿ ನೆಲೆಸಿದ ಕನ್ನಡ ಮನೆಗಳ ಮಕ್ಕಳೂ ಬೆಂಚಿನಡಿ ಅಡಗುವುದನ್ನು ಅಭ್ಯಾಸ ಮಾಡುತ್ತಾರೆ.

ಈ ಕ್ಷೇತ್ರದ ದಿಕ್ಕು ಬದಲಿಸಿದ್ದು 2002ರ ಒಂದು ವರದಿ. ಅಮೆರಿಕದ ಸೀಕ್ರೆಟ್ ಸರ್ವೀಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಬಿಡಿಸಿ ನೋಡಿದವು. ದಾಳಿಕೋರರಿಗೆ ಒಂದೇ ಮುಖಚಹರೆ, ಒಂದೇ ಮನೆತನ ಇರಲಿಲ್ಲ. ಆದರೆ ಐದರಲ್ಲಿ ನಾಲ್ಕು ಪ್ರಕರಣಗಳಲ್ಲಿ ಯಾರಾದರೊಬ್ಬರಿಗೆ ವಿಷಯ ಮೊದಲೇ ಗೊತ್ತಿತ್ತು, ಹೆಚ್ಚಾಗಿ ಓರಗೆಯ ಹುಡುಗರಿಗೆ. ದಾಳಿ ಮಾಡಿದವರಲ್ಲಿ ಮೂರನೇ ಎರಡರಷ್ಟು ಜನ ಬಂದೂಕು ತಂದದ್ದು ಸ್ವಂತ ಮನೆಯಿಂದ ಅಥವಾ ನೆಂಟರ ಮನೆಯಿಂದ. ಆಮೇಲಿನ ಒಳ್ಳೆಯ ಕೆಲಸವೆಲ್ಲ ಈ ಎರಡು ಸಂಗತಿಗಳ ಸುತ್ತಲೇ ನಡೆದಿದೆ: ಮಗು ಆಡಿದ ಮಾತನ್ನು ಕೇಳಿಸಿಕೊಳ್ಳುವುದು, ಮನೆಯ ಬಂದೂಕಿಗೆ ಬೀಗ ಹಾಕುವುದು. 2024ರಲ್ಲಿ ಮಿಷಿಗನ್ ರಾಜ್ಯದ ನ್ಯಾಯಾಲಯ ದಾಳಿಕೋರ ಹುಡುಗನ ತಂದೆತಾಯಿಗೂ ಜೈಲು ವಿಧಿಸಿದ್ದು ಈ ಹಾದಿಯ ಮುಂದುವರಿಕೆ.

ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿ ಇಳಿದರೆ ಸತ್ಯಮಂಗಲ, ಅದರಾಚೆ ಗೋಬಿಚೆಟ್ಟಿಪಾಳಯ. ಆ ಸೀಮೆಯಲ್ಲಿ ಹುಟ್ಟಿದ ಪ್ರೊ. ಜಿ.ವಿ. ಲೋಗನಾಥನ್ ಅಮೆರಿಕದ ವರ್ಜೀನಿಯಾ ಟೆಕ್‌ನಲ್ಲಿ ಜಲವಿಜ್ಞಾನ ಕಲಿಸುತ್ತಿದ್ದರು. 2007ರ ಏಪ್ರಿಲ್ 16ರಂದು ಅಲ್ಲಿ ಗುಂಡಿಗೆ ಬಲಿಯಾದ 32 ಜನರಲ್ಲಿ ಅವರೂ ಒಬ್ಬರು. ಕೊಂದ ವಿದ್ಯಾರ್ಥಿಯಿಂದ ಅವನಿಗೇ ಅಪಾಯವಿದೆ ಎಂದು ನ್ಯಾಯಾಧೀಶರು 2005ರಲ್ಲೇ ದಾಖಲಿಸಿದ್ದರು, ಬಂದೂಕು ಮಾರುವ ಅಂಗಡಿಯ ತಪಾಸಣೆಯಲ್ಲಿ ಆ ದಾಖಲೆ ಕಾಣಲೇ ಇಲ್ಲ. 2007ರ ಡಿಸೆಂಬರ್‌ನಲ್ಲೇ ಗುರುಗ್ರಾಮದಲ್ಲಿ ಎಂಟನೇ ತರಗತಿಯ ಹುಡುಗರು ಅಪ್ಪನ ಪಿಸ್ತೂಲು ತಂದು ಸಹಪಾಠಿಯನ್ನು ಕೊಂದರು. 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯ ವಸತಿ ಕಾಲೇಜೊಂದರಲ್ಲಿ ಅಲ್ಲಿನ ಸಿಬ್ಬಂದಿಯೇ ಗುಂಡು ಹಾರಿಸಿ ಪಿಯುಸಿ ವಿದ್ಯಾರ್ಥಿನಿಯನ್ನು ಕೊಂದ. ಶಾಲೆಗಳಲ್ಲಿ ಸಿಸಿಟಿವಿ, ನೌಕರರ ಪೂರ್ವಾಪರ ಪರಿಶೀಲನೆ ಎಂಬ ಮಾತು ಬೆಂಗಳೂರಿನಲ್ಲಿ ಅದರ ಹಿಂದಿನ ವರ್ಷವೇ ಎದ್ದಿತ್ತು.

ಬಂದೂಕೊಂದನ್ನೇ ನೋಡಿದರೆ ನಮ್ಮ ಶಾಲೆಯ ನೋವು ಅರ್ಥವಾಗುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ಹದ್ಲಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗ ಸತ್ತದ್ದು ಪಾಠ ಹೇಳುವವನ ಕೈಯಿಂದಲೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ. ಆದರೂ "ನಾಲ್ಕು ಬಿಡಿ ಮೇಷ್ಟ್ರೇ, ಬುದ್ಧಿ ಬರಲಿ" ಎನ್ನುವ ತಂದೆಯರು ಇಂದಿಗೂ ಇದ್ದಾರೆ. ಬೆತ್ತ ಕಲಿಸುವ ಪಾಠವನ್ನೇ ಮಗು ಮುಂದೆ ಬೇರೆ ಆಯುಧ ಹಿಡಿದು ಒಪ್ಪಿಸುತ್ತದೆ ಎಂಬ ಭಯ ನನ್ನದು.

ನಮ್ಮ ಕಾನೂನು ಸುಮ್ಮನೆ ಕೂತಿಲ್ಲ. 2016ರ ಆಯುಧ ನಿಯಮಗಳು ಲೈಸೆನ್ಸ್ ಬೇಡುವವರಿಗೆ ಸುರಕ್ಷತಾ ತರಬೇತಿ, ಬಂದೂಕನ್ನು ಭದ್ರವಾಗಿಡುವ ಹೊಣೆ ಎರಡನ್ನೂ ಹೊರಿಸಿದವು. 2019ರ ತಿದ್ದುಪಡಿ ಒಬ್ಬರ ಬಳಿ ಮೂರರ ಬದಲು ಎರಡೇ ಬಂದೂಕು ಎಂದಿತು. ಚುನಾವಣೆ ಬಂದಾಗ ಹಳ್ಳಿಗರು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾರೆ. ಮತದಾನಕ್ಕೆ ತೋರುವ ಈ ಎಚ್ಚರವನ್ನು ಮಕ್ಕಳಿಗಾಗಿ ವರ್ಷವಿಡೀ ತೋರಬಹುದು. ಲೈಸೆನ್ಸ್ ನವೀಕರಣದ ದಿನ ಬಂದೂಕಿನ ಜೊತೆ ಅದನ್ನಿಡುವ ಪೆಟ್ಟಿಗೆಯನ್ನೂ ಪರಿಶೀಲಿಸಲಿ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಆಟದ ಮೈದಾನದ ಜೊತೆಗೆ ಶಾಲೆಯ ಹೊಡೆತ, ಕಾಟದ ಮಾತೂ ಬರಲಿ, ದೊಡ್ಡವರು ಬರೆದುಕೊಳ್ಳಲಿ.

ಆ ಮನೆಗೆ ಮತ್ತೊಮ್ಮೆ ಹೋದಾಗ ಗೂಟ ಖಾಲಿ ಇತ್ತು. ಬಂದೂಕು ಕಬ್ಬಿಣದ ಪೆಟ್ಟಿಗೆ ಸೇರಿತ್ತು, ತೋಟಾಗಳು ಬೇರೆ ಬೀಗದೊಳಗೆ. ಕೀಲಿ ಎಲ್ಲಿ ಎಂದು ಕೇಳಿದರೆ ಹುಡುಗ ಗೊತ್ತಿಲ್ಲ ಎಂದ. ಬೆಳೆ ಕಾಯುವ ಬಂದೂಕು ನಿಮ್ಮ ಮನೆಯಲ್ಲೂ ಇದ್ದರೆ ಇವತ್ತು ಸಂಜೆಯೊಳಗೆ ಇಷ್ಟು ಮಾಡಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನು ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಡಿ.